ಕೂಡಿಟ್ಟ ಪಾಯಿಂಟು

ಏಣಿಯ ತುದಿಯಲ್ಲಿದ್ದಾಗಲೇ ಜೇಬಿನೊಳಗಿನ ಫೋನು ಗುರುಗುಟ್ಟಿತು. ವೆರ್ಲಿನ್ ತೆಗೆಯಲಿಲ್ಲ. ತೆಗೆಯುವುದಕ್ಕೆ ಮೂರನೆಯ ಕೈ ಬೇಕಿತ್ತು. ಒಂದರಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಹರಿದ ಬೆಲ್ಟು. ಕೆಳಗೆ ಕೊಟ್ಟಿಗೆಯ ಉದ್ದಕ್ಕೂ ಹಂದಿಗಳು ಸೆಕೆಗೆ ಮೈ ಚೆಲ್ಲಿಕೊಂಡು ಏದುಸಿರು ಬಿಡುತ್ತಿದ್ದವು. ಜೂನ್ ತಿಂಗಳಲ್ಲಿ ಫ್ಯಾನು ನಿಂತಿತೆಂದರೆ ಹಂದಿಗೆ ಉಳಿಗಾಲವಿಲ್ಲ. ಆಗ ರೈತ ಮೊದಲು ಫೋನು ಮಾಡುವುದು ಪಾದ್ರಿಗಲ್ಲ, ವೆರ್ಲಿನ್‌ಗೆ. ಈ ಮಾತನ್ನು ಚರ್ಚಿನ ಕಾಫಿಯ ಹೊತ್ತಿನಲ್ಲಿ ಅವನೇ ಹೇಳಿ ಎಲ್ಲರನ್ನೂ ನಗಿಸಿದ್ದುಂಟು. ಇವತ್ತು ಅವನಿಗೇ ನಗು ಬರಲಿಲ್ಲ. ಗುರುಗುಟ್ಟಿದ್ದು ಯಾಕೆಂದು ಗೊತ್ತಿತ್ತು. ಜಿಂಕೆ ಬೇಟೆಯ ಪರವಾನಗಿಗೆ, ಅಂದರೆ ಟ್ಯಾಗಿಗೆ, ಎತ್ತುವ ಲಾಟರಿಯ ಫಲಿತಾಂಶ ಈ ವಾರ ಬರುತ್ತದೆಂದು ಎಲ್ಲರೂ ಹೇಳುತ್ತಿದ್ದರು. ಹೊಸ ಬೆಲ್ಟನ್ನು ಗಾಲಿಯ ಮೇಲೆ ಕೂರಿಸುವಾಗ ಅವನ ಬೆರಳು ಒಮ್ಮೆ ಸಿಕ್ಕಿಕೊಂಡಿತು. ಬೈದುಕೊಳ್ಳದೆ ಬಿಡಿಸಿಕೊಂಡ. ಬೇಕು ನನಗೆ, ಇದೂ ಬೇಕು, ಎಂದುಕೊಂಡ. ಸ್ವಿಚ್ಚು ಒತ್ತಿದ ಮೇಲೆ ಫ್ಯಾನು ಒಮ್ಮೆ ಕೆಮ್ಮಿ, ಆಮೇಲೆ ಮನಸ್ಸು ಮಾಡಿ ತಿರುಗತೊಡಗಿತು. ಹಂದಿಗಳು ಒಂದೊಂದಾಗಿ ಎದ್ದು ನಿಂತವು.

ಲಾಟರಿ ಎಂಬ ಮಾತನ್ನೇ ಅವನ ಅಪ್ಪ ಮನೆಯೊಳಗೆ ಆಡಗೊಡುತ್ತಿರಲಿಲ್ಲ. ಡಚ್ ಮೂಲದವರೇ ತುಂಬಿದ್ದ ಆ ಊರಿನಲ್ಲಿ ಯಾರಾದರೂ ಪೆಟ್ರೋಲ್ ಬಂಕಿನಲ್ಲಿ ಲಾಟರಿ ಚೀಟಿ ಕೊಂಡರೆ, ಆ ವಾರವೇ ಚರ್ಚಿನ ಹಿರಿಯರು ಇಬ್ಬರು ಟೈ ಕಟ್ಟಿಕೊಂಡು ಮನೆಗೆ ಬರುತ್ತಿದ್ದರು. ಆದರೆ ಅದೇ ಹಿರಿಯರಿಗೆ ಬೇಸಿಗೆಯ ಶುರುವಿನಲ್ಲಿ ಪಕ್ಕದ ರಾಜ್ಯದ ಟ್ಯಾಗಿಗೆ ಅರ್ಜಿ ಹಾಕಲು ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ಅದು ಜೂಜಲ್ಲವಂತೆ. ಚೀಟಿ ಎತ್ತುವುದು ಸರಕಾರವಾದರೂ ಕೊಡುವವನು ಮೇಲಿರುವವನು ಎಂದು ಅಪ್ಪ ಗಡ್ಡ ಕೆರೆಯುತ್ತ ಹೇಳುತ್ತಿದ್ದ. ಹೊರರಾಜ್ಯದವರಿಗೆ ಇಷ್ಟೇ ಟ್ಯಾಗು ಎಂದು ಮೊದಲೇ ಕಟ್ಟು ಹಾಕಿರುತ್ತಾರೆ. ಸಿಗದವನಿಗೆ ಒಂದು ಪಾಯಿಂಟು, ಮುಂದಿನ ವರ್ಷ ಪಾಯಿಂಟು ಹೆಚ್ಚಿದ್ದವನು ಸಾಲಿನಲ್ಲಿ ಮುಂದೆ. ಬೇಟೆ ಬೇಡ, ಈ ವರ್ಷ ಪಾಯಿಂಟೊಂದೇ ಸಾಕು ಎನ್ನುವವರಿಗೂ ಒಂದು ದಾರಿಯಿದೆ. ವೆರ್ಲಿನ್ ಹಿಡಿದದ್ದು ಆ ದಾರಿ. ಕೂಡಿಡುವುದು ಅವನ ರಕ್ತದಲ್ಲೇ ಬಂದದ್ದು. ಅವನ ಗ್ಯಾರೇಜಿನಲ್ಲಿ ಬಗ್ಗಿದ ಮೊಳೆಗಳು ಕೂಡ ನೇರವಾಗುವ ಭಾಗ್ಯಕ್ಕೆ ಕಾಯುತ್ತ ಕಾಫಿ ಡಬ್ಬಿಯಲ್ಲಿ ಕೂತಿದ್ದವು. ಅಯೋವಾದ ದಕ್ಷಿಣದ ಗುಡ್ಡಗಳಲ್ಲಿ ಕೊಂಬು ಕುರ್ಚಿಯಷ್ಟಗಲ ಬೆಳೆಯುತ್ತದೆಂದು ಯಾರೋ ಹೇಳಿದ್ದನ್ನು ನೆಚ್ಚಿಕೊಂಡು, ಅಲ್ಲಿಗೆ ಬೇಕಾಗುವಷ್ಟು ಪಾಯಿಂಟು ಆಗಲಿ, ಆಗಲಿ ಎಂದು ವರ್ಷ ವರ್ಷ ಕೂಡಿಸುತ್ತ ಹೋಗಿದ್ದ. ಕೂಡಿಸುತ್ತಿದ್ದ ಅಷ್ಟೂ ಚಳಿಗಾಲ ಅಣ್ಣ ಗೆರಿಟ್ ನದಿಯಂಚಿನ ಹುಲ್ಲುಗಾವಲಿನಲ್ಲಿ ಒಬ್ಬನೇ ಕೂತಿದ್ದ.

ಆ ಹುಲ್ಲುಗಾವಲು ವೆರ್ಲಿನ್‌ನ ಅಡಿಗೆಮನೆಯ ಕಿಟಕಿಯಿಂದಲೇ ಕಾಣುತ್ತದೆ. ಇದಕ್ಕಿಂತ ಕುಚೋದ್ಯ ಬೇರೆ ಬೇಕೆ? ನಡುವೆ ಬಿಗ್ ಸೂ ನದಿ. ಈಚೆ ದಡ ದಕ್ಷಿಣ ಡಕೋಟಾ, ಆಚೆ ದಡ ಅಯೋವಾ. ಹುಟ್ಟಿದ್ದು, ನಡೆಯಲು ಕಲಿತದ್ದು, ಮೊದಲ ಜಿಂಕೆ ಹೊಡೆದು ಅದರ ಬಿಸಿ ಕರುಳಿಗೆ ಹೆದರಿ ವಾಂತಿ ಮಾಡಿಕೊಂಡದ್ದು, ಎಲ್ಲ ಆಚೆಗೆ. ಮದುವೆಯಾದ ಮೇಲೆ ಈಚೆಗೆ ಬಂದ. ಹೆಂಡತಿ ಆರ್ಡಿಸ್‌ಗೆ ತವರು ಹತ್ತಿರ ಎಂದು ಊರಿಗೆಲ್ಲ ಹೇಳಿದ್ದ. ಈಚೆ ರಾಜ್ಯದಲ್ಲಿ ಆದಾಯ ತೆರಿಗೆ ಇಲ್ಲವೆಂಬುದು ನಿಜವಾದ ಕಾರಣವೆಂದು ಗೆರಿಟ್‌ಗೆ ಹೇಳದೆಯೇ ಗೊತ್ತಿತ್ತು. "ತೆರಿಗೆ ಉಳಿಸ್ಕೊಂಡೆ, ಜಿಂಕೆ ಕಳ್ಕೊಂಡೆ ಬಿಡು" ಎಂದಿದ್ದ ಗೆರಿಟ್, ಆವತ್ತಿನಿಂದ ಇವತ್ತಿನವರೆಗೂ ತಮ್ಮನನ್ನು ಹೊರಗಿನವನು ಎಂದೇ ಕರೆಯುತ್ತಾನೆ. ಚಳಿಗಾಲದ ಮುಂಜಾನೆ ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ನಿಂತರೆ ಜಿಂಕೆಗಳು ಮಂಜುಗಡ್ಡೆಯ ಮೇಲೆ ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ ಯಾರಪ್ಪಣೆಯೂ ಇಲ್ಲದೆ ಓಡಾಡುತ್ತವೆ. ನೋಡಿ ನೋಡಿ ಅವನ ಕಾಫಿ ಆರಿಹೋಗುತ್ತದೆ. ಕಳೆದ ಫೆಬ್ರವರಿಯಲ್ಲಿ ಗೆರಿಟ್‌ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಹಿಂದಿರುಗುವಾಗ, ಸೇತುವೆ ಬಂದಾಗ ಗೆರಿಟ್, "ಇನ್ನೊಂದು ಸೀಸನ್ನು ಸಿಗಬೋದು ಅಂತಾರೆ, ಅಷ್ಟೇನಂತೆ" ಎಂದ. ಮದುವೆಯಾಗದೆ, ಬೇಡವೆಂದೂ ಹೇಳದೆ, ಹಾಗೇ ಮುದುಕನಾದ ಮನುಷ್ಯ. ಅವನಿಗೆ ಇದ್ದದ್ದು ಆ ಹುಲ್ಲುಗಾವಲು, ಡಿಸೆಂಬರಿನ ಆ ಬೇಟೆ, ಮತ್ತು ಈ ತಮ್ಮ. ದಕ್ಷಿಣದ ಗುಡ್ಡದ ಕೊಂಬು ವೆರ್ಲಿನ್‌ನ ತಲೆಯಿಂದ ಆ ಸೇತುವೆಯ ಮೇಲೇ ಬಿದ್ದುಹೋಯಿತು. ಈ ವರ್ಷ ಎಲ್ಲ ಪಾಯಿಂಟೂ ಸುರಿದು ಅಣ್ಣನ ಹುಲ್ಲುಗಾವಲಿರುವ ಇದೇ ಬೇಟೆ ವಲಯಕ್ಕೆ ಅರ್ಜಿ ಹಾಕುತ್ತೇನೆ, ಅಣ್ಣನ ಜೊತೆ ಕೂರುತ್ತೇನೆ ಎಂದುಕೊಂಡ. ಎಂದುಕೊಂಡದ್ದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದ. ಗೆರಿಟ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದ.

ಅಷ್ಟಕ್ಕೇ ನಿಂತಿದ್ದರೆ ಎಲ್ಲ ಸರಿಯಾಗಿತ್ತು. ನಡುವೆ ಬಂದವನು ಅಳಿಯ. ಅಳಿಯ ಅಲ್ಲ ಮಗಳ ಗಂಡ ಅನ್ನುವ ಹಾಗೆ, ಮಗಳು ಕೆಂದ್ರಾ ಮದುವೆಯಾಗಿ ತಂದ ಈ ಕೋಲ್ಬಿಯನ್ನು ಏನೆಂದು ಕರೆದರೂ ವೆರ್ಲಿನ್‌ಗೆ ಬಾಯಿ ಕಹಿ. ತಪ್ಪೇನೂ ಇಲ್ಲ ಹುಡುಗನಲ್ಲಿ. ಬೇರೆ ಪಂಗಡದವನು, ನಾರ್ವೆ ಮೂಲದ ಲೂಥರನ್ನರವನು, ಜೋರಾಗಿ ನಗುತ್ತಾನೆ, ಚರ್ಚಿನಲ್ಲಿ ಪಾದ್ರಿಯ ಪ್ರಸಂಗದ ಹೊತ್ತಿಗೆ ಪೆಪ್ಪರ್ಮೆಂಟು ಕೈ ದಾಟಿ ಬಂದರೆ ಚೀಪುವುದು ಬಿಟ್ಟು ಕಟುಂ ಎಂದು ಕಡಿಯುತ್ತಾನೆ. ಇಡೀ ಬೆಂಚು ತಿರುಗಿ ನೋಡುತ್ತದೆ. ಮೇ ತಿಂಗಳ ಒಂದು ಭಾನುವಾರ, ಊಟವಾಗಿ ಎಲ್ಲರ ತಟ್ಟೆಯಲ್ಲೂ ರೂಬಾರ್ಬ್ ದಂಟಿನ ಸಿಹಿ ಪೈ ಇದ್ದಾಗ, "ಮಾವ, ಈ ವರ್ಷ ನಾನೂ ನಿಮ್ಮ ಜೊತೆ ಗುಂಪಾಗಿ ಅರ್ಜಿ ಹಾಕ್ಲಾ? ಗೆರಿಟ್ ದೊಡ್ಡಪ್ಪನ ಜಾಗ ನಾನೂ ನೋಡ್ದಂಗಾಗುತ್ತೆ" ಎಂದ. ಎಲ್ಲರ ಚಮಚವೂ ನಿಂತಿತು. ಗುಂಪಾಗಿ ಹಾಕಿದರೆ ಇಬ್ಬರ ಪಾಯಿಂಟು ಕೂಡಿಸಿ ಸರಾಸರಿ ತೆಗೆಯುತ್ತಾರೆ. ಅಳಿಯನದು ಸೊನ್ನೆ. ವರ್ಷಗಟ್ಟಲೆ ಕೂಡಿಟ್ಟದ್ದು ಒಂದು ತುಂಡು ಪೈ ನುಂಗುವಷ್ಟರಲ್ಲಿ ಅರ್ಧವಾಗುತ್ತದೆ. ಈ ವರ್ಷ ಟ್ಯಾಗು ಕಡಿಮೆ ಮಾಡುತ್ತಾರಂತೆ ಎಂಬ ಗುಲ್ಲು ಬೇರೆ. ಆಗಲ್ಲ ಕಣಪ್ಪ, ಅಣ್ಣನ ಕಣ್ಣು ಹೋಗ್ತಿದೆ, ಈ ವರ್ಷ ಬಿಟ್ಟರೆ ಇಲ್ಲ, ಎಂದು ಹೇಳಿದ್ದರೆ ಹುಡುಗ ಅರ್ಥಮಾಡಿಕೊಳ್ಳುತ್ತಿದ್ದ. ಆದರೆ ಅವರ ಮನೆಗಳಲ್ಲಿ ಇಲ್ಲ ಎನ್ನುವ ಮಾತು ಬಾಯಿಗೆ ಬರುವುದಿಲ್ಲ. ಮನಸ್ಸಿನಲ್ಲಿ ಬೆಂದು ಅಲ್ಲೇ ಆರುತ್ತದೆ. "ಅದಕ್ಕೇನಂತೆ" ಎಂದ ವೆರ್ಲಿನ್. ಕೋಲ್ಬಿ ತಾನೇ ಗುಂಪು ಶುರುಮಾಡಿ, ಅದರ ನಂಬರನ್ನು ಚರ್ಚಿನ ಪತ್ರಿಕೆಯ ಹಿಂದೆ ದುಂಡಗೆ ಬರೆದು ಕೊಟ್ಟ. "ಇದನ್ನ ಹಾಕ್ಬಿಟ್ರೆ ಆಯ್ತು ಮಾವ, ನಾವಿಬ್ರೂ ಒಂದೇ."

ಅರ್ಜಿಯ ಕೊನೆಯ ದಿನ ಸಂಜೆ ಅಡಿಗೆಮನೆಯ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂತಾಗ ಆ ಕಾಗದ ಎದುರಿಗೇ ಇತ್ತು. ಗುಂಪಿನ ನಂಬರು ಹಾಕಿ ಎಂದು ಕೇಳುವ ಚೌಕ ಬಂತು. ಹಾಕಲಿಲ್ಲ. ಮರೆತೆ ಎಂದು ಮುಂದೆ ಹೇಳಬಹುದಿತ್ತು, ಆ ಕ್ಷಣವೇ ಅದನ್ನೂ ಲೆಕ್ಕ ಹಾಕಿದ್ದ. ಕಾಗದವನ್ನು ಮಗುಚಿ ಹಾಕಿದ, ಮಗುಚಿದ ಮುಖದಲ್ಲಿ ಆ ವಾರದ ಪ್ರಾರ್ಥನೆಯಿತ್ತು. ಅಷ್ಟರಲ್ಲಿ ಆರ್ಡಿಸ್ ಒಗೆದ ಬಟ್ಟೆಯ ಬುಟ್ಟಿ ಹೊತ್ತು ಬಂದು, "ಅಳಿಯನದೂ ಸೇರಿಸಿದ್ಯಾ?" ಎಂದು ಕೇಳಿದಳು. "ಹೂಂ ಹೂಂ" ಎಂದು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಕಿವಿ ಬಿಸಿಯಾಗುತ್ತ ಪಟಪಟನೆ ಉಳಿದದ್ದನ್ನು ಒತ್ತಿ ಮುಗಿಸಿದ. ದುಡ್ಡು ಕಟ್ಟಿದ್ದಕ್ಕೆ ಬಂದ ರಸೀದಿಯನ್ನು ತೆರೆಯದೆಯೇ ಅಳಿಸಿಹಾಕಿದ, ಅವಳ ಕಣ್ಣಿಗೆ ಬೀಳದಿರಲೆಂದು. ಅದಾದ ಮೇಲೆ ಬಂದ ಭಾನುವಾರಗಳಲ್ಲಿ ಅವನು ಅಳಿಯನಿಗೆ ಮಾಂಸದ ದೊಡ್ಡ ತುಂಡನ್ನು ಬಡಿಸಿದ, ಕಾರಿಗೆ ತಾನೇ ಎಣ್ಣೆ ಬದಲಾಯಿಸಿಕೊಟ್ಟ, ಅವನು ಹೇಳಿದ ಜೋಕಿಗೆ ಅವನಿಗಿಂತ ಮೊದಲು ನಕ್ಕ. "ಏನಾಯ್ತು ನಿನಗೆ? ಅಳಿಯನ ಮೇಲೆ ಇದ್ದಕ್ಕಿದ್ದಂಗೆ ಪ್ರೀತಿ ಉಕ್ತಾ ಇದೆ" ಎಂದು ಆರ್ಡಿಸ್ ಸುಮ್ಮನೆ ಕೇಳಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡ.

ಕೊಟ್ಟಿಗೆಯಿಂದ ಹೊರಗೆ ಬಂದು, ಬೂಟು ತೊಳೆದು, ಟ್ರಕ್ಕಿನ ನೆರಳಿನಲ್ಲಿ ನಿಂತು ಫೋನು ತೆಗೆದ. ಅವನು ನೋಡುವ ಮೊದಲೇ ಅದು ಮತ್ತೆ ಗುರುಗುಟ್ಟಿತು.

"ಮಾವಾ! ಸಿಕ್ತು ಮಾವಾ!"

"ಏನು ಸಿಕ್ತು?"

"ಟ್ಯಾಗು! ಅಯ್ಯೋ, ಇನ್ನೇನು ಸಿಗ್ಬೇಕು! ಈ ವರ್ಷ ನಮ್ಮ ವಲಯಕ್ಕೆ ಅರ್ಜಿನೇ ಕಮ್ಮಿಯಂತೆ. ಸೊನ್ನೆ ಇದ್ದೋರಿಗೂ ಬಿದ್ದಿದೆ. ಆಫೀಸ್‌ನಲ್ಲಿ ಕೂಗ್ಬಿಟ್ಟೆ, ಎಲ್ರೂ ನನ್ನ ಹೆಂಡ್ತಿ ಬಸುರಿ ಅಂತ ತಿಳ್ಕೊಂಡು ಕೈ ಕುಲುಕ್ತಿದ್ದಾರೆ."

"ಒಳ್ಳೇದಾಯ್ತಪ್ಪಾ. ತುಂಬ ಒಳ್ಳೇದಾಯ್ತು."

"ನಿಮ್ದು ನೋಡಿದ್ರಾ? ನಿಮ್ದೇನು ಬಿಡಿ, ಅಷ್ಟು ಪಾಯಿಂಟು ಇರೋರಿಗೆ ಕೊಡ್ದೆ ಇನ್ಯಾರಿಗೆ ಕೊಡ್ತಾರೆ! ಸಂಜೆ ದೊಡ್ಡಪ್ಪನ ಮನೆಗೆ ಬರ್ತೀನಿ. ಕೆಂದ್ರಾ ಪೈ ಮಾಡಿದ್ದಾಳೆ, ತರ್ತೀನಿ. ಅಲ್ಲೇ ಸಿಗೋಣ."

ಫೋನು ಇಟ್ಟ ಮೇಲೂ ಆ ಜೋರು ನಗು ಕಿವಿಯಲ್ಲಿ ಉಳಿದಿತ್ತು. ಸಿಕ್ಕಿದೆ, ಹುಡುಗನಿಗೂ ಸಿಕ್ಕಿದೆ! ಹಾಗಾದರೆ ಯಾರಿಗೂ ಅನ್ಯಾಯವಾಗಲಿಲ್ಲ. ದೇವರು ತನ್ನ ಕಳ್ಳತನವನ್ನು ಕೂಡ ಮಡಚಿ ಒಳಗಿಟ್ಟು ಮೇಲೆ ಇಸ್ತ್ರಿ ಹಾಕಿದ್ದಾನೆ ಎಂದು ವೆರ್ಲಿನ್‌ಗೆ ಎದೆ ಹಗುರಾಯಿತು. ಇನ್ನು ಮಾಂಸದ ದೊಡ್ಡ ತುಂಡು ತಾನೇ ತಿನ್ನಬಹುದು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ತನ್ನ ಹೆಸರಿನ ಫಲಿತಾಂಶ ತೆರೆದ. ಸಿಕ್ಕಿತು ಎಂದಿರಲಿಲ್ಲ. ಸಿಗಲಿಲ್ಲ ಎಂದೂ ಇರಲಿಲ್ಲ. ಪಾಯಿಂಟು ಮಾತ್ರ ಕೋರಿದ್ದೀರಿ, ಒಂದು ಪಾಯಿಂಟು ಸೇರಿಸಲಾಗಿದೆ, ಎಂದಿತ್ತು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಅದೇ ಇತ್ತು. ಮೊದಲು ಸರಕಾರದ ಮೇಲೆ ಸಿಟ್ಟು ಬಂತು, ಆಮೇಲೆ ಲ್ಯಾಪ್‌ಟಾಪಿನ ಮೇಲೆ, ಆಮೇಲೆ ಬಟ್ಟೆ ಬುಟ್ಟಿ ಹೊತ್ತು ಬಂದ ಆರ್ಡಿಸ್ ಮೇಲೆ. ಎಲ್ಲ ಸುತ್ತಿ ಬಂದು ಕೊನೆಗೆ ತನ್ನ ಬಲಗೈ ತೋರುಬೆರಳಿನ ಮೇಲೆ ನಿಂತಿತು. ವರ್ಷ ವರ್ಷವೂ ಟ್ಯಾಗು ಬೇಡ, ಪಾಯಿಂಟು ಸಾಕು ಎಂದು ಒತ್ತಿ ಒತ್ತಿ ಪಳಗಿದ ಬೆರಳು ಅದು. ಮನಸ್ಸು ಅಳಿಯನಿಂದ ಬಚ್ಚಿಟ್ಟುಕೊಳ್ಳುತ್ತಿದ್ದಾಗ ಬೆರಳು ಎತ್ತು ಕೊಟ್ಟಿಗೆಗೆ ಹೋಗುವ ಹಾಗೆ ತನ್ನ ಹಳೆಯ ಜಾಗಕ್ಕೆ ಹೋಗಿ ನಿಂತಿದೆ.

ಟ್ರಕ್ಕು ಹೊರಟಿತು. ಮೆಕ್ಕೆಜೋಳ ಇನ್ನೂ ಮೊಣಕಾಲೆತ್ತರ, ಎರಡೂ ಬದಿಗೆ ಸಾಲು ಸಾಲಾಗಿ ತಿರುಗಿ ಹಿಂದಕ್ಕೆ ಹೋಗುತ್ತಿತ್ತು. ನಂಬರು ಹಾಕಿದ್ದರೆ ಇಬ್ಬರಿಗೂ ಸಿಗುತ್ತಿತ್ತು. ಇದನ್ನು ಎಷ್ಟು ಸಲ ಹೇಳಿಕೊಂಡನೋ. ಗುಂಪಾಗಿ ಹೋಗಿದ್ದರೆ ಕೋಲ್ಬಿ ಒತ್ತಿದ್ದೇ ಇಬ್ಬರ ಪಾಲಿಗೂ ಆಗುತ್ತಿತ್ತು, ಬೆರಳಿಗೆ ಕೆಲಸವೇ ಇರುತ್ತಿರಲಿಲ್ಲ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನಲಿಕ್ಕೂ ಬಾಯಿಲ್ಲ, ಬಗೆದದ್ದೇ ಕೆಟ್ಟದ್ದು. ಆಮೇಲೆ ಇನ್ನೊಂದು ಹೊಳೆಯಿತು. ಗುಂಪಿನಲ್ಲಿ ಹಾಕಿದವರಿಗೆ ಫಲಿತಾಂಶ ಒಂದೇ. ಸಿಕ್ಕರೆ ಎಲ್ಲರಿಗೂ, ಇಲ್ಲವಾದರೆ ಯಾರಿಗೂ ಇಲ್ಲ. ಕೋಲ್ಬಿ ತನ್ನದನ್ನು ನೋಡಿದ ಮೇಲೂ ನಿಮ್ಮದು ನೋಡಿದಿರಾ ಎಂದು ಕೇಳಿದ. ಅಂದರೆ ಹುಡುಗನಿಗೆ ಗೊತ್ತು. ಗುಂಪಿನ ಪುಟ ತೆರೆದರೆ ಅದರಲ್ಲಿ ಇರುವವರ ಹೆಸರು ಕಾಣುತ್ತದೆ, ಅವನದೊಂದೇ ಕಂಡಿರುತ್ತದೆ. ಯಾವತ್ತಿನಿಂದ ಗೊತ್ತು? ದೊಡ್ಡ ತುಂಡು ಬಡಿಸಿದಾಗ? ಎಣ್ಣೆ ಬದಲಾಯಿಸಿದಾಗ, ಪಕ್ಕದಲ್ಲಿ ನಿಂತು ಟಾರ್ಚು ಹಿಡಿದಿದ್ದನಲ್ಲ, ಆಗ? ಮಾನ ಹೋಗುವುದೆಂದರೆ ಹೀಗೆ, ಯಾರೂ ಬೈಯದೆ, ಟಾರ್ಚು ಹಿಡಿದುಕೊಂಡು. ಸೇತುವೆ ಬಂತು. ಕೆಳಗೆ ನದಿ ಮಣ್ಣುಬಣ್ಣಕ್ಕೆ ನಿಧಾನವಾಗಿ ಹರಿಯುತ್ತಿತ್ತು. ನಡುವಿನ ಫಲಕ ಅವನನ್ನು ಅಯೋವಾಕ್ಕೆ ಸ್ವಾಗತಿಸಿತು.

ಗೆರಿಟ್ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ತೊಡೆಯ ಮೇಲಿನ ಪಾತ್ರೆಗೆ ಹಸಿ ಬಟಾಣಿ ಬಿಡಿಸುತ್ತಿದ್ದ. ವೆರ್ಲಿನ್ ಇಳಿದು ನಾಲ್ಕು ಹೆಜ್ಜೆ ದೂರದಲ್ಲಿ, ಒಳ್ಳೆ ಬಿಸಿಲಿನಲ್ಲಿ ನಿಂತ. ಗೆರಿಟ್ ತಲೆಯೆತ್ತಿ, ಅವನ ಮುಖ ಬಿಟ್ಟು ಅವನ ಕಿವಿಯ ಪಕ್ಕದ ಗಾಳಿಯನ್ನು ನೋಡಿ, ಮೂಗು ಅರಳಿಸಿದ.

"ವಾಸನೆ ನೋಡಿದ್ರೆ ಹೊರಗಿನೋನೇ ಇರ್ಬೇಕು."

"ನಾನು ಕಾಣ್ಲಿಲ್ವಾ ನಿನಗೆ?"

"ನಿನ್ನ ಟೋಪಿ ಕಾಣುತ್ತೆ, ಬೂಟು ಕಾಣುತ್ತೆ. ಮಧ್ಯದಲ್ಲಿ ಯಾರೋ ಹೆಬ್ಬೆರಳಲ್ಲಿ ತಿಕ್ಕಿ ಬಿಟ್ಟಂಗಿದೆ. ಕೂತ್ಕೋ. ನಿನ್ನ ಮುಖ ಏನು ಅಂಥ ಚೆಂದ ಅಂತ ನೋಡ್ಬೇಕು?"

ಇಷ್ಟಾಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಗೆರಿಟ್ ಹೇಳಿರಲಿಲ್ಲ. ಈ ಮನೆತನದಲ್ಲಿ ಹೇಳದೆ ಇರುವುದನ್ನೇ ಒಂದು ಒಳ್ಳೆಯ ಗುಣವೆಂದು ಸಾಕಿಕೊಂಡು ಬಂದಿದ್ದಾರೆ. ಮೆಟ್ಟಿಲ ಮೇಲೆ ಅಣ್ಣನ ಪಕ್ಕ ಕೂತು, ಬುಟ್ಟಿಯಿಂದ ಒಂದು ಹಿಡಿ ಬಟಾಣಿ ಎತ್ತಿಕೊಂಡು ಬಿಡಿಸತೊಡಗಿದ. ಅಮ್ಮ ಇಬ್ಬರನ್ನೂ ಇದೇ ಮೆಟ್ಟಿಲ ಮೇಲೆ ಕೂರಿಸಿ ಬಿಡಿಸುವಾಗ ಸಿಳ್ಳೆ ಹಾಕುತ್ತಿರಬೇಕು ಎಂದು ಕಟ್ಟಪ್ಪಣೆ ಮಾಡುತ್ತಿದ್ದಳು, ಬಾಯಿ ಸಿಳ್ಳೆ ಹಾಕುತ್ತಿದ್ದರೆ ಬಟಾಣಿ ತಿನ್ನಲಾಗದಲ್ಲ. ಗೆರಿಟ್ ಒಂದು ಕೈಯಲ್ಲಿ ಬಿಡಿಸುತ್ತ ಇನ್ನೊಂದು ಕೈಯಲ್ಲಿ ತಿನ್ನುತ್ತಲೂ ಸಿಳ್ಳೆ ಹಾಕುವುದನ್ನು ಕಲಿತಿದ್ದ. ಅದೇ ಕೈಬೆರಳುಗಳು ಈಗ ನೋಡದೆಯೇ ಸಿಪ್ಪೆಯ ನಾರನ್ನು ಹುಡುಕಿ ಸರ್ರನೆ ಸೀಳುತ್ತಿದ್ದವು. ಹೇಳಲೇಬೇಕು ಎಂದು ವೆರ್ಲಿನ್ ಶುರುಮಾಡಿದ, ಪೈಯಿಂದ ಹಿಡಿದು ಬೆರಳಿನವರೆಗೆ, ಏನೂ ಬಿಡದೆ. ಹೇಳುತ್ತ ಹೋದಂತೆ ಗೆರಿಟ್ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದ. ಕೊನೆಗೆ ಪಾತ್ರೆ ಕುಲುಕಾಡತೊಡಗಿತು. ಮುದುಕ ನಗುತ್ತಿದ್ದ. ನಕ್ಕು ನಕ್ಕು ಕೆಮ್ಮು ಬಂದು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

"ಪಾಯಿಂಟು ಒತ್ತಿದ್ಯಾ? ಅಯ್ಯೋ ನನ್ನಪ್ಪಾ! ಅಪ್ಪ ಇದ್ದಿದ್ರೆ ನಿನ್ನನ್ನೇ ಆಸ್ತಿಗೆ ವಾರಸುದಾರ ಮಾಡ್ತಿದ್ದ ಕಣೋ. ಕದಿಯೋಕೆ ಹೋದ್ರೂ ಉಳಿತಾಯ ಮಾಡ್ಕೊಂಡು ಬಂದ!"

"ನಗಬೇಡ. ನಿನ್ನ ಜೊತೆ ಕೂರ್ಬೇಕು ಅಂತಲೇ ಇಷ್ಟೆಲ್ಲ ಮಾಡಿದ್ದು. ಈಗ ನೀನೊಬ್ಬನೇ..."

"ನಾನೊಬ್ಬನೇ ಏನು?"

"ಒಬ್ಬನೇ ಬಂದೂಕು ಹಿಡಿದು ಕೂರ್ಬೇಕಲ್ಲ."

ಗೆರಿಟ್ ನಗು ಒರೆಸಿಕೊಂಡ. ಖಾಲಿ ಸಿಪ್ಪೆಯೊಂದನ್ನು ಬೆರಳಲ್ಲಿ ಹೊಸೆಯುತ್ತ, "ನಾನು ಟ್ಯಾಗು ತಗೊಳ್ಳಲ್ಲ ಕಣೋ ಈ ಸಲ" ಎಂದ. "ನಾನು ಇದೇ ರಾಜ್ಯದೋನು, ನನಗೆ ಲಾಟರಿ ಇಲ್ಲ, ಏನಿಲ್ಲ, ಅಂಗಡಿಗೆ ಹೋಗಿ ಕೇಳಿದ್ರೆ ಕೊಡ್ತಾರೆ. ಕೇಳಲ್ಲ. ಮುಖಾನೇ ಕಾಣದೋನಿಗೆ ಬಂದೂಕು ಯಾಕೆ? ಜಿಂಕೆ ಅಂತ ಪಕ್ಕದ ಮನೆಯೋರ ಹಸು ಹೊಡೀಲಾ? ಏಪ್ರಿಲ್‌ನಲ್ಲೇ ಬಂದೂಕು ಒರೆಸಿ ಬೀರುವಿಗೆ ಇಟ್ಟುಬಿಟ್ಟೆ."

"ನನಗೆ ಹೇಳ್ಲಿಲ್ಲ ನೀನು."

"ನೀನು ಅಷ್ಟು ಹುರುಪಲ್ಲಿದ್ದೆ. ನೀನು ಹೊಡೀತೀಯ, ನಾನು ಪಕ್ಕದಲ್ಲಿ ಕೂತು ಸೂಪು ಕುಡೀತೀನಿ ಅಂದ್ಕೊಂಡಿದ್ದೆ." ಸಿಪ್ಪೆಯನ್ನು ಎಸೆದ. "ಈಗ ನಿನಗೂ ಇಲ್ಲ. ಚೆನ್ನಾಯ್ತು. ಸೂಪು ಇಬ್ರಿಗೂ ಮಾಡಿದ್ರಾಯ್ತು."

ವೆರ್ಲಿನ್ ತನ್ನೊಳಗೆ ಏನೋ ಕಳಚಿ ಬೀಳುತ್ತಿರುವುದನ್ನು ಕೇಳಿಸಿಕೊಳ್ಳುತ್ತ ಕೂತ. ಯಾವುದಕ್ಕಾಗಿ ಕದ್ದನೋ ಅದು ಮೊದಲೇ ಇರಲಿಲ್ಲ. ಅಣ್ಣ ಬಂದೂಕು ಹಿಡಿದು, ತಾನು ಪಕ್ಕದಲ್ಲಿ ಇನ್ನೊಂದು ಹಿಡಿದು, ಹಿಮದ ಮುಂಜಾನೆ ಇಬ್ಬರ ಉಸಿರೂ ಒಂದಾಗಿ ಮೇಲೇಳುವ ಚಿತ್ರ, ಅದನ್ನು ಫೆಬ್ರವರಿಯಿಂದ ಎಷ್ಟು ಜೋಪಾನವಾಗಿ ಒಳಗಿಟ್ಟುಕೊಂಡಿದ್ದ! ಅದಕ್ಕೊಂದು ಕೊನೆಯ ಸಲ ಅಳಬೇಕೆನ್ನಿಸಿತು, ಅಳು ಬರಲಿಲ್ಲ. ಬಟಾಣಿ ಬಾಯಿಗೆ ಹಾಕಿಕೊಂಡ. ಸಿಹಿಯಾಗಿತ್ತು. ದೂರದಲ್ಲಿ ಜಲ್ಲಿ ರಸ್ತೆಯ ಮೇಲೆ ಧೂಳೆದ್ದಿತು, ಕೋಲ್ಬಿಯ ಕಾರು.

ಕೋಲ್ಬಿ ಪೈ ಪಾತ್ರೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಅಂಗಳ ದಾಟಿ ಬಂದ. "ಏನು ಮಾವ, ಮುಖ ಹೀಗಿದೆ? ನಿಮ್ದು ನೋಡಿದ್ರಾ?"

"ನನಗಿಲ್ಲ ಕೋಲ್ಬಿ. ತಪ್ಪು ಒತ್ತಿಬಿಟ್ಟೆ, ಪಾಯಿಂಟು ಮಾತ್ರ ಬಂದಿದೆ." ನಿಲ್ಲಿಸಿದ. ಇಲ್ಲಿಗೇ ನಿಲ್ಲಿಸಬಹುದಿತ್ತು, ಗೆರಿಟ್ ಏನೂ ಹೇಳುತ್ತಿರಲಿಲ್ಲ. "ನೀನು ಕೊಟ್ಟ ನಂಬರು ನಾನು ಹಾಕ್ಲಿಲ್ಲ. ಮರೆತು ಅಲ್ಲ. ಬೇಕಂತಲೇ."

ಕೋಲ್ಬಿ ಪೈಯನ್ನು ಮೆಟ್ಟಿಲ ಮೇಲೆ ಇಟ್ಟ. ನೆಲ ನೋಡಿದ. ಮೊದಲ ಸಲ ಆ ಹುಡುಗ ಮೆಲ್ಲಗೆ ಮಾತಾಡಿದ. "ಗೊತ್ತು ಮಾವ. ಮರುದಿನವೇ ನೋಡಿದೆ. ಗುಂಪಲ್ಲಿ ನನ್ನ ಹೆಸರೊಂದೇ ಇತ್ತು."

"ಮತ್ತೆ ಕೇಳ್ಬಾರದಾಗಿತ್ತಾ?"

"ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ. ಎರಡು ದಿನ ಕೆಂದ್ರಾ ಜೊತೆ ಸರಿಯಾಗಿ ಮಾತಾಡ್ಲಿಲ್ಲ. ಆಮೇಲೆ ದೊಡ್ಡಪ್ಪನ ಕಣ್ಣಿನ ವಿಷಯ ಅವಳೇ ಹೇಳಿದ್ಲು. ಅಷ್ಟು ವರ್ಷದ್ದು ನಾನು ಒಂದೇ ಮಾತಲ್ಲಿ ಅರ್ಧ ಕೇಳಿದ್ನಲ್ಲ ಅಂತ ನನಗೇ ನಾಚಿಕೆ ಆಯ್ತು." ಆಮೇಲೆ ಅವನ ಹಳೆಯ ನಗು ಹೊರಟಿತು. "ಆದ್ರೂ ಮಾವ, ಎಣ್ಣೆ ಬದಲಾಯಿಸಿದ್ದು ಚೆನ್ನಾಗಿತ್ತು. ಅದಕ್ಕೇ ಸುಮ್ನಿದ್ದೆ. ಟೈರೂ ಬದಲಾಯಿಸ್ತೀರೇನೋ ಅಂತ ಕಾಯ್ತಿದ್ದೆ."

ಗೆರಿಟ್ ತೊಡೆ ತಟ್ಟಿಕೊಂಡ. "ನಿನಗೆ ಸಿಕ್ಕಿರೋ ಅಳಿಯ ನಿನಗಿಂತ ಜಿಪುಣ ಕಣೋ! ನಮ್ಮ ಡಚ್ಚರೋನೇ ಇರ್ಬೇಕು, ಲೂಥರನ್ ಅಂತ ಸುಳ್ಳು ಹೇಳಿದ್ದಾನೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ವೆರ್ಲಿನ್ ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ, ಅಂಗಿಯ ಜೇಬಿನಿಂದ ಪೆಪ್ಪರ್ಮೆಂಟಿನ ಸುರುಳಿ ತೆಗೆದು ಒಂದನ್ನು ಅಳಿಯನ ಕಡೆ ಚಾಚಿದ. ಕ್ಷಮಿಸು ಎನ್ನುವ ಮಾತು ಬೇರೆ ಊರಿನವರಿಗೆ ಬಾಯಿಂದ ಬರುತ್ತದೋ ಏನೋ. ಕೋಲ್ಬಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಕಡಿಯಲಿಲ್ಲ. ಕೆನ್ನೆ ಉಬ್ಬಿಸಿಕೊಂಡು ಚೀಪುತ್ತ, "ಬೇಟೆ ಮಾಡೋ ಜಾಗ ನನಗೆ ಗೊತ್ತಿಲ್ಲ, ತೋರಿಸ್ಬೇಕು" ಎಂದ.

ಪೈ ತಿಂದು, ಬಿಸಿಲು ಇನ್ನೂ ಉದ್ದಕ್ಕೆ ಬಿದ್ದಿರುವಾಗಲೇ ಮೂವರೂ ಹುಲ್ಲುಗಾವಲಿಗೆ ಇಳಿದರು. ಗೆರಿಟ್ ಮುಂದೆ ನಡೆದ. ದಾರಿ ಅವನ ಕಾಲಿಗೆ ಗೊತ್ತಿತ್ತು. ನದಿಯಂಚಿನಲ್ಲಿ ಅಪ್ಪನ ಕಾಲದಲ್ಲೇ ಬಿದ್ದ ಕಾಟನ್‌ವುಡ್ ಮರದ ದಿಮ್ಮಿ, ಕೂತು ಕೂತು ತೊಗಟೆಯೆಲ್ಲ ಹೋಗಿ ನುಣ್ಣಗಾದದ್ದು, ಹಾಗೇ ಇತ್ತು. ನಡುವೆ ಕೋಲ್ಬಿಯನ್ನು ಕೂರಿಸಲು ಹೋದರೆ ಗೆರಿಟ್ ಒಪ್ಪಲಿಲ್ಲ. "ಟ್ಯಾಗಿರೋನು ತುದಿಗೆ. ಟ್ಯಾಗಿಲ್ಲದ ಭಿಕಾರಿಗಳು ಈ ಕಡೆ." ಅಲ್ಲಿಂದ ವೆರ್ಲಿನ್‌ಗೆ ಆಚೆ ದಡದಲ್ಲಿ ತನ್ನ ಮನೆ ಕಂಡಿತು. ಅಡಿಗೆಮನೆಯ ಕಿಟಕಿ ಬಿಸಿಲಿಗೆ ಹೊಳೆಯುತ್ತಿತ್ತು. ಅಲ್ಲಿ ಕಾಫಿ ಆರಿಸಿಕೊಂಡು ನಿಲ್ಲುತ್ತಿದ್ದವನು ತಾನೇ. ಇಲ್ಲಿಂದ ನೋಡಿದರೆ ಆ ಕಿಟಕಿ ಎಷ್ಟು ಹತ್ತಿರ, ಯಾವ ಚಳಿಗಾಲವಾದರೂ ಬೂಟು ಹಾಕಿಕೊಂಡು ಬಂದು ಬರಿಗೈಯಲ್ಲಿ ಅಣ್ಣನ ಪಕ್ಕ ಸುಮ್ಮನೆ ಕೂರಬಹುದಿತ್ತು. ಕೂರುವುದಕ್ಕೆ ಯಾವ ಸರಕಾರವೂ ಟ್ಯಾಗು ಕೇಳುತ್ತಿರಲಿಲ್ಲ. ಇದು ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ? ಹೊಳೆದದ್ದಕ್ಕೆ ನೋವಾಯಿತು. ಆದರೂ ಈಗ ಕೂತಿದ್ದೇನಲ್ಲ ಎಂದು, ನಾಚಿಕೆಗೇಡು ಅನ್ನಿಸುವಷ್ಟು ನೆಮ್ಮದಿಯಾಯಿತು.

"ಎಷ್ಟಾಯ್ತೋ ಈಗ ನಿನ್ನ ಪಾಯಿಂಟು?" ಗೆರಿಟ್ ಕೇಳಿದ.

"ಬೇಕಾದಷ್ಟಿದೆ."

"ಸತ್ತಾಗ ಪೆಟ್ಟಿಗೇಲಿ ಹಾಕಿ ಕಳಿಸ್ತೀವಿ ಬಿಡು."

"ಇಲ್ಲ. ಬರೋ ವರ್ಷ ಇವನ ಜೊತೆ ಗುಂಪಲ್ಲೇ. ಒತ್ತೋದು ಇವನೇ." ಫೋನನ್ನು ಅಳಿಯನ ಕೈಗೇ ಈಗಲೇ ಕೊಡುವವನ ಹಾಗೆ ಕೈ ಚಾಚಿದ. ಕೋಲ್ಬಿ ನಗಲು ಬಾಯಿ ತೆರೆದ.

"ಶ್!" ಎಂದ ಗೆರಿಟ್. "ಎಡಗಡೆ. ಏನೋ ಅಲ್ಲಾಡ್ತು."

ಇಬ್ಬರೂ ತಿರುಗಿ ನೋಡಿದರು. ಏನೂ ಇರಲಿಲ್ಲ. ವಿಲೋ ಪೊದೆ, ನೀರು, ಬಿಸಿಲು. ನೇರ ನೋಡಲಾಗದ ಗೆರಿಟ್‌ನ ಕಣ್ಣಿನ ಅಂಚುಗಳು ಮಾತ್ರ ಇನ್ನೂ ಚುರುಕಾಗಿದ್ದವು. ಆಮೇಲೆ ಪೊದೆ ಸೀಳಿಕೊಂಡು ಹೆಣ್ಣು ಜಿಂಕೆಯೊಂದು ಆಚೆ ದಡದಲ್ಲಿ ಹೊರಗೆ ಬಂತು. ಗೆರಿಟ್ ತಮ್ಮನ ತೋಳು ಹಿಡಿದುಕೊಂಡ, ಗಟ್ಟಿಯಾಗಿ, ಬಂದೂಕು ಹಿಡಿಯುವ ಹಾಗೆ.

"ಏನದು? ಹೇಳೋ."

"ಹೆಣ್ಣು," ವೆರ್ಲಿನ್ ಪಿಸುಗುಟ್ಟಿದ. "ಕೆಂಪಗಿದೆ, ಬೇಸಿಗೆ ತುಪ್ಪಳ. ನೀರಿನ ಹತ್ತಿರ ಬಂದು ನಿಂತಿದೆ. ಕಿವಿ ನಮ್ಮ ಕಡೆಗಿದೆ."

"ಒಂದೇನಾ?"

"ತಡಿ... ಇಲ್ಲ. ಹಿಂದೆ ಮರಿಯಿದೆ. ಮೈಮೇಲೆಲ್ಲ ಚುಕ್ಕೆ. ನೀರಿಗೆ ಕಾಲಿಡೋಕೆ ಹೆದರ್ತಿದೆ. ತಾಯಿ ಇಳೀತು. ಹೊಟ್ಟೆಮಟ್ಟ ನೀರಿದೆ ಅದಕ್ಕೆ, ಈ ಕಡೆಗೇ ಬರ್ತಿದೆ."

ಗೆರಿಟ್ ಕಣ್ಣು ಮುಚ್ಚಿಕೊಂಡಿದ್ದ. ಮುಖ ನದಿಯ ಕಡೆಗಿತ್ತು. ಹಿಡಿದ ತೋಳನ್ನು ಬಿಟ್ಟಿರಲಿಲ್ಲ.

"ಮರಿ?" ಎಂದ. "ಮರಿ ಏನು ಮಾಡ್ತಿದೆ?"